ಒಂದೇ ಡ್ರಮ್ಮಿನ ಅಂಟು, ಬಾಯಿ ಬಿಟ್ಟ ಆರು ಹಲಗೆಗಳು

ಸಿಂಕಿನ ಅಂಚಿನಲ್ಲಿ ಮರದ ಹಲಗೆಯ ಸಂದು ಬಾಯಿ ಬಿಟ್ಟಿತ್ತು. ಉಗುರು ತೂರುವಷ್ಟು ಅಗಲ, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಉದ್ದ. ಒಳಗೆ ಬೆಳ್ಳಗೆ ಏನೋ ಕಾಣುತ್ತಿತ್ತು. ಚಾಕುವಿನ ತುದಿಯಿಂದ ಎಬ್ಬಿಸಿದಾಗ ನೆನೆದ ಸೋಪಿನ ಪದರದಂತಹ ಪೊರೆಯೊಂದು ಕಿತ್ತು ಬಂತು. ಎರಡು ಬೆರಳ ನಡುವೆ ತೀಡಿದರೆ ಸಣ್ಣ ಉಂಡೆಯಾಯಿತು. ಅದು ಅಂಟು. ಡ್ರಮ್ಮಿನ ಮೇಲೆ ‘ನೀರು ತಡೆಯುವ, ತಾನಾಗಿ ಅಡ್ಡಕೊಂಡಿ ಹಾಕಿಕೊಳ್ಳುವ ಮರದ ಅಂಟು, ಡಿ3’ ಎಂದು ಸ್ಪಷ್ಟವಾಗಿ ಬರೆದಿತ್ತು. ಡಿ3 ಎಂಬುದು ನೀರು ತಡೆಯುವ ಶಕ್ತಿಯ ಒಂದು ದರ್ಜೆ.

ಓಕ್ ಮರದ ಪಟ್ಟಿಗಳನ್ನು ಪಕ್ಕಪಕ್ಕ ಅಂಟಿಸಿ ಅಡುಗೆಮನೆಯ ಹಲಗೆ ಮಾಡುವ ಒಂದು ಕಾರ್ಖಾನೆಯ ಸಮಸ್ಯೆ ಇದು. ಒಂದೇ ಬೇಡಿಕೆಗೆ ಇಪ್ಪತ್ತೆರಡು ಹಲಗೆ ಮಾಡಿದ್ದರು. ಕೂರಿಸಿ ಎರಡು ತಿಂಗಳಾಗುವಷ್ಟರಲ್ಲಿ ಆರು ಹಲಗೆಗಳು ನೀರು ಬೀಳುವ ಜಾಗದಲ್ಲಿ ಸಂದು ಬಿಟ್ಟಿದ್ದವು. ಉಳಿದ ಹದಿನಾರು ಹಲಗೆಗಳಲ್ಲಿ ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಮರ ಒಂದೇ, ಅಂಟು ಒಂದೇ ಡ್ರಮ್ಮಿನದು, ಅಂಟಿಸಿದ ಕೈಗಳೂ ಅವೇ. ಅಂಟಿನ ಕೆಲಸದಲ್ಲಿ ವರ್ಷಗಟ್ಟಲೆ ಮುಳುಗಿರುವ ನನ್ನನ್ನು ಮಾಲೀಕರು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ: ಅಂಟು ಕಳಪೆಯೇ, ನಮ್ಮ ಕೆಲಸ ಕಳಪೆಯೇ?

ಮೊದಲು ಮರದ ಮಾತು. ಸೋತ ಸಂದಿನ ಮುಖದಲ್ಲಿ ಮರದ ನಾರು ಒಂದೂ ಕಿತ್ತಿರಲಿಲ್ಲ. ಉಜ್ಜುಗೊರಡು ಹೊಡೆದ ಮೈ ಹಾಗೇ ನುಣ್ಣಗಿತ್ತು. ಅದೇ ಹಲಗೆಯಲ್ಲಿ ಸಿಂಕಿನಿಂದ ದೂರವಿದ್ದ ಒಣ ತುದಿಯಿಂದ ಒಂದು ತುಂಡು ಕೊಯ್ದು, ಸಂದಿಗೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದೆ. ಸಂದು ಬಿಡಲಿಲ್ಲ, ಪಕ್ಕದ ಮರ ಸೀಳಿತು. ಅಂದರೆ ಮುಖಗಳು ಸರಿಯಾಗಿ ಕೂಡಿದ್ದವು, ಕ್ಲ್ಯಾಂಪಿನ ಒತ್ತಡವೂ ಸಾಕಷ್ಟಿತ್ತು. ಒಣಗಿದ್ದಾಗ ಮರಕ್ಕಿಂತ ಗಟ್ಟಿ, ಒದ್ದೆಯಾದರೆ ಸೋಪು. ಸಾಮಾನ್ಯ ಬಿಳಿ ಅಂಟಿನ ನಡತೆ ಇದೇ. ತಾನಾಗಿ ಕೊಂಡಿ ಹಾಕಿಕೊಳ್ಳಬೇಕಾದ ಅಂಟು ಇಲ್ಲಿ ಸಾಮಾನ್ಯ ಬಿಳಿ ಅಂಟಾಗಿಯೇ ಉಳಿದುಬಿಟ್ಟಿತ್ತು. ಏಕೆ ಎಂಬುದನ್ನು ಹುಡುಕುವ ಮೊದಲು ಈ ಅಂಟಿನ ಒಳಗೆ ಏನು ನಡೆಯಬೇಕಿತ್ತು ಎಂಬುದನ್ನು ಹೇಳಬೇಕು.

ಬಿಳಿ ಅಂಟು ಎಂದರೆ ನೀರಿನಲ್ಲಿ ತೇಲುವ ಪಾಲಿವಿನೈಲ್ ಅಸಿಟೇಟಿನ ಸೂಕ್ಷ್ಮ ಕಣಗಳು. ಜರ್ಮನಿಯ ಫ್ರಿಟ್ಜ್ ಕ್ಲಾಟ್ಟೆ 1912ರಲ್ಲಿ ಕಂಡುಹಿಡಿದ ಪಾಲಿಮರ್ ಇದು, ಅಂದರೆ ಪುಟ್ಟ ಘಟಕಗಳು ಸಾಲಾಗಿ ಕೂಡಿಕೊಂಡ ಉದ್ದನೆಯ ಸರಪಳಿಯಂತಹ ಅಣು. ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ಪ್ರತಿಯೊಂದರ ಸುತ್ತಲೂ ಪಾಲಿವಿನೈಲ್ ಆಲ್ಕೋಹಾಲಿನ ತೆಳುವಾದ ಕವಚವಿರುತ್ತದೆ. ಅಂಟು ಹಚ್ಚಿದಾಗ ನೀರು ಮರಕ್ಕೂ ಗಾಳಿಗೂ ಹೋಗುತ್ತದೆ. ಕಣಗಳು ಒತ್ತೊತ್ತಾಗಿ ಬಂದು, ಅಪ್ಪಚ್ಚಿಯಾಗಿ, ಒಂದರೊಳಗೊಂದು ಬೆರೆತು ಪೊರೆಯಾಗುತ್ತವೆ. ಕವಚದ ಪಾಲಿವಿನೈಲ್ ಆಲ್ಕೋಹಾಲ್ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಪೊರೆಯ ಉದ್ದಕ್ಕೂ ಜೇನುಗೂಡಿನ ಗೋಡೆಗಳ ಹಾಗೆ ಹರಡಿ ಉಳಿಯುತ್ತದೆ. ಅದು ನೀರಿನಲ್ಲಿ ಕರಗುವ ವಸ್ತು. ಬಿಳಿ ಅಂಟು ನೀರಿಗೆ ಸೋಲುವುದು ಈ ಗೋಡೆಗಳ ಮೂಲಕವೇ: ನೀರು ಅವುಗಳಲ್ಲಿ ಹರಿದು ಒಳಗೆ ನುಗ್ಗುತ್ತದೆ, ಪೊರೆ ಉಬ್ಬುತ್ತದೆ, ಬಿಳಿಚುತ್ತದೆ, ಮೆತ್ತಗಾಗುತ್ತದೆ. ಒಣಗಿದ ಪೊರೆಯಲ್ಲಿ ಸರಪಳಿಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆಯೇ ಹೊರತು ಕಟ್ಟಿಕೊಂಡಿರುವುದಿಲ್ಲ. ಸಿಕ್ಕು ಬಿಡಿಸಬಹುದು, ಗಂಟು ಬಿಡಿಸಲಾಗದು.

ಗಂಟು ಹಾಕುವುದಕ್ಕಾಗಿಯೇ ತಯಾರಕರು ವಿನೈಲ್ ಅಸಿಟೇಟಿನ ಜೊತೆಗೆ ನೂರಕ್ಕೆ ಕೆಲವೇ ಪಾಲಿನಷ್ಟು ಎನ್-ಮಿಥೈಲಾಲ್ ಅಕ್ರಿಲಮೈಡ್ ಎಂಬ ಇನ್ನೊಂದು ಘಟಕವನ್ನು ಸೇರಿಸಿ ಸರಪಳಿ ಕಟ್ಟುತ್ತಾರೆ. ಇದರಿಂದ ಸರಪಳಿಯ ಉದ್ದಕ್ಕೂ ಅಲ್ಲಲ್ಲಿ ಮಿಥೈಲಾಲ್ ಗುಂಪು ಎಂಬ ಪುಟ್ಟ ಕೈ ಚಾಚಿಕೊಂಡಿರುತ್ತದೆ. ಅಂತಹ ಎರಡು ಕೈಗಳು ಹತ್ತಿರ ಬಂದು, ಆಮ್ಲದ ನೆರವು ಸಿಕ್ಕರೆ, ಒಂದು ನೀರಿನ ಅಣುವನ್ನು ಬಿಟ್ಟುಕೊಟ್ಟು ಕೂಡಿಕೊಳ್ಳುತ್ತವೆ. ಮುಂದೆ ಒಂದು ಫಾರ್ಮಾಲ್ಡಿಹೈಡ್ ಅಣುವೂ ಹೊರಬಿದ್ದು ಕೊಂಡಿ ಇನ್ನಷ್ಟು ಬಿಗಿಯಾಗಬಹುದು. ಇವೇ ಕೈಗಳು ಕವಚದ ಪಾಲಿವಿನೈಲ್ ಆಲ್ಕೋಹಾಲನ್ನೂ ಹಿಡಿದುಕೊಳ್ಳುತ್ತವೆ. ನನ್ನ ದೃಷ್ಟಿಯಲ್ಲಿ ಈ ಅಂಟಿನ ಅತ್ಯಂತ ಸುಂದರವಾದ ಅಂಶ ಇದೇ. ನೀರಿಗೆ ದಾರಿಯಾಗಿದ್ದ ಗೋಡೆಯನ್ನೇ ಸರಪಳಿಗೆ ಕಟ್ಟಿಹಾಕಿ, ಅದು ಕರಗಿ ಹೋಗದಂತೆ ಮಾಡುತ್ತದೆ.

ಕೊಂಡಿಗಳು ಬಹಳ ಬೇಕಾಗಿಲ್ಲ. ರಸಾಯನ ವಿಜ್ಞಾನಿ ಪಾಲ್ ಫ್ಲೋರಿ 1941ರಲ್ಲೇ ಲೆಕ್ಕ ಹಾಕಿ ತೋರಿಸಿದಂತೆ, ಒಂದೊಂದು ಸರಪಳಿಯಲ್ಲಿ ಸರಾಸರಿ ಒಂದು ಘಟಕ ಇನ್ನೊಂದು ಸರಪಳಿಗೆ ಕಟ್ಟಿಕೊಂಡರೂ ಸಾಕು, ಇಡೀ ರಾಶಿಯ ಉದ್ದಗಲಕ್ಕೂ ಒಂದೇ ಜಾಲ ಹೆಣೆಯಲು ಶುರುವಾಗುತ್ತದೆ. ಸಾವಿರಾರು ಘಟಕಗಳ ಸರಪಳಿಯಲ್ಲಿ ಅದು ಎಷ್ಟು ಅಲ್ಪ ಎಂದು ಯೋಚಿಸಿ ನೋಡಿ.

‘ತಾನಾಗಿ’ ಎಂಬ ಮಾತಿನ ಅರ್ಥ ಇಷ್ಟೇ: ಹೊರಗಿನಿಂದ ಇನ್ನೊಂದು ಡಬ್ಬಿಯ ಗಟ್ಟಿಕಾರಕವನ್ನು ಬೆರೆಸಬೇಕಾಗಿಲ್ಲ, ಕಟ್ಟಬೇಕಾದ ಕೈ ಸರಪಳಿಯಲ್ಲೇ ಇದೆ. ಯಾವ ಷರತ್ತೂ ಇಲ್ಲದೆ ಕಟ್ಟಿಕೊಳ್ಳುತ್ತದೆ ಎಂಬ ಅರ್ಥ ಅದಕ್ಕಿಲ್ಲ. ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಸುಮ್ಮನಿರುವ ಅಂಟು ಸಂದಿಗೆ ಹೋದೊಡನೆ ಎಚ್ಚರವಾಗಲು ಕಾರಣವಿರಲೇಬೇಕು. ಡ್ರಮ್ಮಿನಲ್ಲಿ ನೀರು ತುಂಬಿರುವಾಗ, ನೀರನ್ನು ಬಿಟ್ಟುಕೊಡುವ ಕ್ರಿಯೆ ಮುಂದಕ್ಕೆ ಸಾಗಲು ಒಲ್ಲದು, ಕಣಗಳೂ ದೂರದೂರ. ನೀರು ಹೊರಟಂತೆ ಆ ತಡೆ ಸರಿಯುತ್ತದೆ, ಕೈಗಳು ಹತ್ತಿರವಾಗುತ್ತವೆ, ಅಂಟಿನಲ್ಲಿ ಮೊದಲೇ ಇರುವ ಆಮ್ಲೀಯ ಲವಣ ಸಾಂದ್ರವಾಗುತ್ತದೆ. ಸಾಮಾನ್ಯವಾಗಿ ಅಲ್ಯೂಮಿನಿಯಂ ಕ್ಲೋರೈಡನ್ನು ಬಳಸುತ್ತಾರೆ, ಹೀಗಾಗಿ ಇಂತಹ ಅಂಟಿನ ಪಿಎಚ್ 3ರ ಆಸುಪಾಸಿನಲ್ಲಿರುತ್ತದೆ (ಪಿಎಚ್ 7ಕ್ಕಿಂತ ಕೆಳಗಿದ್ದರೆ ಆಮ್ಲ, ಅಂದರೆ ಹುಳಿ; ಮೇಲಿದ್ದರೆ ಕ್ಷಾರ). ಆಮೇಲೆ ಬೇಕಾದದ್ದು ಬೆಚ್ಚನೆಯ ವಾತಾವರಣ ಮತ್ತು ದಿನಗಳು. ಒಣಗುವುದು ಗಂಟೆಗಳ ಕೆಲಸ, ಬೆಸೆಯುವುದು ದಿನಗಳ ಕೆಲಸ. ಇಎನ್ 204 ಎಂಬ ಯುರೋಪಿನ ಮಾನದಂಡ ಡಿ3 ಅಂಟನ್ನು ಪರೀಕ್ಷಿಸುವ ಮೊದಲು ಬೀಚ್ ಮರದ ಸಂದನ್ನು 7 ದಿನ ಬಿಡುವುದು ಸುಮ್ಮನೆ ಅಲ್ಲ. ಆ ಬಳಿಕ 4 ದಿನ ತಣ್ಣೀರಿನಲ್ಲಿ ಮುಳುಗಿಸಿ, ಒದ್ದೆಯಾಗಿರುವಾಗಲೇ ಎಳೆದಾಗ ಚದರ ಮಿಲಿಮೀಟರಿಗೆ ಕನಿಷ್ಠ 2 ನ್ಯೂಟನ್ ತಡೆಯಬೇಕು.

ಈಗ ನಮ್ಮ ಹಲಗೆಗಳಿಗೆ ಬರೋಣ. ನನ್ನ ಮೊದಲ ಅನುಮಾನ ಚಳಿಯ ಮೇಲೆ. ಕೆಲಸ ನಡೆದದ್ದು ಚಳಿಗಾಲದಲ್ಲಿ, ರಾತ್ರಿ ಕಾರ್ಖಾನೆಗೆ ಬಿಸಿ ಇರಲಿಲ್ಲ, ಕ್ಲ್ಯಾಂಪ್ ಬಿಚ್ಚಿದ ಎರಡನೆಯ ದಿನಕ್ಕೇ ಹಲಗೆಗಳು ಹೊರಟಿದ್ದವು. ತೀರಾ ಚಳಿಯಿದ್ದರೆ ಕಣಗಳು ಮೆತ್ತಗಾಗದೆ, ಪೊರೆಯಾಗುವ ಬದಲು ಸುಣ್ಣದ ಪುಡಿಯಂತೆ ಒಣಗುತ್ತವೆ. ಹಲಗೆಯ ಕೆಳಮೈಯಲ್ಲಿ ಒರೆಸದೆ ಬಿಟ್ಟಿದ್ದ, ಸಂದಿನಿಂದ ಹೊರಚಿಮ್ಮಿ ಒಣಗಿದ ಅಂಟಿನ ಮಣಿಗಳನ್ನು ನೋಡಿದೆ. ಪುಡಿಯಾಗಿರಲಿಲ್ಲ, ಪಾರದರ್ಶಕವಾಗಿದ್ದವು. ಪೊರೆ ಚೆನ್ನಾಗಿಯೇ ಕಟ್ಟಿತ್ತು. ಹಾಗಾದರೆ ಪೊರೆಯಾಗಿದೆ, ಕೊಂಡಿ ಹಾಕಿಲ್ಲ ಎಂದುಕೊಂಡು ಅಸಿಟೋನ್ ಪರೀಕ್ಷೆಗೆ ಇಳಿದೆ.

ಈ ಪರೀಕ್ಷೆಗೆ ಯಂತ್ರ ಬೇಡ, ಮುಚ್ಚಳವಿರುವ ಗಾಜಿನ ಸೀಸೆ ಸಾಕು. ಬೆಂಕಿಯಿಂದ ದೂರ, ಗಾಳಿಯಾಡುವ ಜಾಗದಲ್ಲಿ ಮಾಡಬೇಕು. ಕೊಂಡಿಯಿಲ್ಲದ ಪಾಲಿವಿನೈಲ್ ಅಸಿಟೇಟ್ ಅಸಿಟೋನಿನಲ್ಲಿ ಕರಗುತ್ತದೆ. ಕೊಂಡಿ ಹಾಕಿಕೊಂಡದ್ದು ಎಷ್ಟು ಹೊತ್ತಾದರೂ ಕರಗುವುದಿಲ್ಲ. ದ್ರವವನ್ನು ಹೀರಿ ಊದಿಕೊಳ್ಳುತ್ತದೆ, ಆದರೆ ತನ್ನ ಆಕಾರ ಬಿಡುವುದಿಲ್ಲ. ಒಂದು ಸೀಸೆಗೆ ಗಟ್ಟಿ ಹಲಗೆಯ ಮಣಿ, ಇನ್ನೊಂದಕ್ಕೆ ಸೋತ ಹಲಗೆಯ ಮಣಿ, ಮೂರನೆಯದಕ್ಕೆ ಹೋಲಿಕೆಗಾಗಿ ಸಾಮಾನ್ಯ ಬಿಳಿ ಅಂಟಿನ ಒಣ ತುಣುಕು ಹಾಕಿ ರಾತ್ರಿಯಿಡೀ ಬಿಟ್ಟೆ.

ಬೆಳಿಗ್ಗೆ ಮೂರನೆಯ ಸೀಸೆಯಲ್ಲಿ ತುಣುಕು ಇರಲಿಲ್ಲ. ಮಬ್ಬಾದ ಪಾಕವಿತ್ತು. ಆ ಮಬ್ಬು ಪಾಲಿವಿನೈಲ್ ಆಲ್ಕೋಹಾಲಿನದು, ಅದು ಅಸಿಟೋನಿಗೆ ಕರಗದು. ಮೊದಲ ಸೀಸೆಯಲ್ಲಿ ಮಣಿ ಊದಿ ಅಲುಗಾಡುವ ಜೆಲ್ಲಿಯಾಗಿತ್ತು, ಒಂದು ಬದಿಯಲ್ಲಿ ಮರದ ಗೆರೆಗಳ ಅಚ್ಚು ಕೂಡ ದೊಡ್ಡದಾಗಿ ಹಾಗೇ ಉಳಿದಿತ್ತು. ಎರಡನೆಯ ಸೀಸೆ ನನ್ನನ್ನು ದಂಗುಬಡಿಸಿತು. ಸೋತ ಹಲಗೆಯ ಮಣಿಯೂ ಕರಗಿರಲಿಲ್ಲ. ಅದೂ ಊದಿ, ಆಕಾರ ಉಳಿಸಿಕೊಂಡು, ಕೊಂಡಿ ಹಾಕಿಕೊಂಡ ಅಂಟಿನಂತೆಯೇ ಕೂತಿತ್ತು.

ಅಲ್ಲಿಗೆ ಚಳಿಯ ವಾದ ಬಿದ್ದುಹೋಯಿತು. ಡ್ರಮ್ ಹಳತಾಗಿತ್ತು ಎಂಬ ವಾದವೂ, ಅಂಟೇ ಕಳಪೆ ಎಂಬ ವಾದವೂ ಜೊತೆಯಲ್ಲೇ ಬಿದ್ದವು. ಚಳಿ ಕೊಂಡಿಯನ್ನು ತಡಮಾಡಿಸುತ್ತದೆ, ಕೊಲ್ಲುವುದಿಲ್ಲ. ಬೆಚ್ಚಗಿನ ಅಡುಗೆಮನೆಯಲ್ಲಿ ಎರಡು ತಿಂಗಳು ಕಳೆದ ಅಂಟು ತನ್ನ ಕೆಲಸ ಮುಗಿಸಿರಬೇಕಿತ್ತು, ಮುಗಿಸಿಯೂ ಇತ್ತು. ಒಂದು ಕ್ಷಣ ಬೇರೆ ದಾರಿ ಹಿಡಿಯಲಿದ್ದೆ: ಡಿ3 ಅಂಟು ಆಗಾಗ ಸ್ವಲ್ಪ ಹೊತ್ತು ಬೀಳುವ ನೀರಿಗೆ ಸರಿ, ನಿಂತ ನೀರಿಗೆ ಅಲ್ಲ, ಆ ಆರು ಮನೆಗಳಲ್ಲಿ ನೀರು ನಿಲ್ಲುತ್ತಿರಬೇಕು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಬರೆದಿದ್ದರೆ ಬಳಸಿದವರ ಮೇಲೆ ಸುಳ್ಳು ಹೊರಿಸಿದಂತಾಗುತ್ತಿತ್ತು. ನನ್ನನ್ನು ತಡೆದದ್ದು ಬೆರಳಿನ ನೆನಪು. ಸಂದಿನಿಂದ ಕಿತ್ತ ಪೊರೆ ತೀಡಿದಾಗ ಉಂಡೆಯಾಗಿತ್ತಲ್ಲ. ಕೊಂಡಿ ಹಾಕಿಕೊಂಡ ಪೊರೆ ಒದ್ದೆಯಾದಾಗ ಮೆತ್ತಗಾದರೂ ರಬ್ಬರಿನಂತೆ ಹಿಂದಕ್ಕೆ ಬರಬೇಕು.

ಸೋತ ಅದೇ ಹಲಗೆಯ ಒಣ ತುದಿಯ ಸಂದನ್ನು ಸೀಳಿ, ಒಳಗಿನ ಪೊರೆಯನ್ನು ಬ್ಲೇಡಿನಿಂದ ಕೆರೆದು ಅಸಿಟೋನಿಗೆ ಹಾಕಿದೆ. ಸಂಜೆಯ ಹೊತ್ತಿಗೆ ಕರಗಿತ್ತು. ಗಟ್ಟಿ ಹಲಗೆಯಿಂದ ಹಾಗೇ ಕೆರೆದ ಪೊರೆ ಕರಗಲಿಲ್ಲ.

ಸೋತ ಹಲಗೆಯಲ್ಲಿ ಸಂದಿನ ಹೊರಗಿನ ಮಣಿ ಬೆಸೆದಿದೆ, ಒಂದು ಮಿಲಿಮೀಟರ್ ಒಳಗಿನ ಪೊರೆ ಬೆಸೆದಿಲ್ಲ. ಅದೇ ಅಂಟು, ಅದೇ ರಾತ್ರಿ, ಅದೇ ಚಳಿ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ: ಮಣಿ ದಪ್ಪ, ಅದರ ಬಹುಪಾಲು ಗಾಳಿಯಲ್ಲಿದೆ, ಪೊರೆ ಕಾಗದದಷ್ಟು ತೆಳ್ಳಗಿದ್ದು ಎರಡೂ ಕಡೆಯಿಂದ ಮರದ ಮುಖಕ್ಕೆ ಒತ್ತಿಕೊಂಡಿದೆ. ಆ ಮುಖದಲ್ಲಿ ಏನೋ ಇತ್ತು.

ಆ ವಾರದ ಕೊಯ್ದು ಉಳಿದ ತುಂಡುಗಳು ಮೂಲೆಯ ರಾಶಿಯಲ್ಲಿ ಇನ್ನೂ ಇದ್ದವು. ಅಂಟಿಸಲೆಂದು ಸಿದ್ಧಪಡಿಸಿ ಬಳಸದೆ ಬಿಟ್ಟ ಪಟ್ಟಿಗಳ ಅಂಚಿಗೆ ಶುದ್ಧ ನೀರಿನ ಒಂದು ಹನಿ ಬಿಟ್ಟು ಪಿಎಚ್ ಕಾಗದ ಒತ್ತಿದೆ. ಓಕ್ ಸ್ವಭಾವತಃ ಆಮ್ಲೀಯ, 4ರ ಹತ್ತಿರ ಇರಬೇಕು. ಹಲವು ಪಟ್ಟಿಗಳಲ್ಲಿ ಹಾಗೆಯೇ ಇತ್ತು. ಕೆಲವದರಲ್ಲಿ ಕಾಗದ ಹಸಿರು ದಾಟಿ ನೀಲಿಗೆ ತಿರುಗಿತು: 9ಕ್ಕಿಂತ ಮೇಲೆ. ಅದೇ ಪಟ್ಟಿಯ ಮೇಲ್ಮೈಗೆ ಕಾಗದ ಮುಟ್ಟಿಸಿದರೆ ಮತ್ತೆ ಆಮ್ಲೀಯ. ಅಂಚಿಗೆ ಮಾತ್ರ ಯಾರೋ ಏನೋ ಹಚ್ಚಿದ್ದರು.

ಕೇಳಿದಾಗ ಹಿರಿಯ ಬಡಗಿಯೊಬ್ಬರು ಮುಚ್ಚುಮರೆಯಿಲ್ಲದೆ ಹೇಳಿದರು. ಮೊದಲ ಹಲಗೆಗಳಲ್ಲಿ ಕ್ಲ್ಯಾಂಪಿನ ಕಬ್ಬಿಣ ಒತ್ತಿದ್ದ ಕಡೆಯೆಲ್ಲ ಸಂದಿನ ಗುಂಟ ಕಪ್ಪು ನೀಲಿ ಕಲೆ ಬಿದ್ದಿತ್ತು. ಅಂಟಿನ ಹುಳಿಯಿಂದಲೇ ಕಲೆ ಎಂದು ಅವರು ಊಹಿಸಿದರು. ಹುಳಿಗೆ ಮದ್ದು ಸೋಡಾ ಎಂದುಕೊಂಡು, ತೊಳೆಯುವ ಸೋಡಾವನ್ನು ನೀರಿನಲ್ಲಿ ಕರಗಿಸಿ ಪಟ್ಟಿಗಳ ಅಂಚನ್ನು ಒರೆಸಿ, ಚೆನ್ನಾಗಿ ಒಣಗಿಸಿಯೇ ಅಂಟಿಸಿದರು. “ಎರಡು ದಿನ ಮಾತ್ರ ಹಾಗೆ ಮಾಡಿದೆ ಸರ್, ಸೋಡಾ ಮುಗಿದ ಮೇಲೆ ಬಿಟ್ಟೆ” ಎಂದರು. ಆ ಎರಡು ದಿನಗಳಲ್ಲಿ ಅಂಟಿಸಿದ ಹಲಗೆಗಳೆಷ್ಟು ಎಂದು ದಿನಚರಿ ಪುಸ್ತಕದಲ್ಲಿ ನೋಡಿದರೆ ಏಳು. ಆರು ಸೋತಿದ್ದವು, ಏಳನೆಯದು ಸಿಂಕಿಲ್ಲದ ಗೋಡೆಗೆ ಹೋಗಿತ್ತು.

ಅವರ ಊಹೆಯಲ್ಲಿ ಅರ್ಧ ಸತ್ಯವಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಆಮ್ಲೀಯ ಅಂಟು ಕ್ಲ್ಯಾಂಪಿನ ಕಬ್ಬಿಣವನ್ನು ಸ್ವಲ್ಪ ಕರಗಿಸುತ್ತದೆ, ಆ ಕಬ್ಬಿಣ ಓಕ್ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತುವಿನ ಜೊತೆ ಸೇರಿ ಕಪ್ಪಾಗುತ್ತದೆ. ಹಳೆಯ ಕಾಲದ ಶಾಯಿಯನ್ನು ಮಾಡುತ್ತಿದ್ದದ್ದೂ ಇದೇ ಕ್ರಿಯೆಯಿಂದ. ಹುಳಿ ಇದರಲ್ಲಿ ಪಾಲುದಾರ ಎಂಬುದು ನಿಜ. ಆದರೆ ಕಲೆಗೆ ಕಾರಣವೆಂದು ಅವರು ಕೊಂದ ಹುಳಿಯೇ ಕೊಂಡಿ ಹಾಕುವ ಹುಳಿಯೂ ಆಗಿತ್ತು.

ಇಷ್ಟು ಸಣ್ಣ ಒರೆಸುವಿಕೆ ಇಷ್ಟು ದೊಡ್ಡ ಹಾನಿ ಮಾಡಬಲ್ಲದೇ ಎಂದು ಮಾಲೀಕರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಚದರ ಮೀಟರಿಗೆ ಸುಮಾರು 200 ಗ್ರಾಂ ಅಂಟು ಹಚ್ಚುತ್ತಾರೆ, ಅದರಲ್ಲಿ ಅರ್ಧದಷ್ಟು ನೀರು. ಉಳಿದದ್ದರಲ್ಲಿ ಆಮ್ಲೀಯ ಲವಣದ ಪಾಲು ಚಿಟಿಕೆಯಷ್ಟು. ಎರಡೂ ಮುಖಗಳಲ್ಲಿ ಒಣಗಿ ಕೂತಿದ್ದ ಸೋಡಾ, ಅಂಟಿನ ನೀರು ತಾಗಿದೊಡನೆ ಮತ್ತೆ ಕರಗಿ ಪೊರೆಯೊಳಗೆ ಇಳಿದಿದೆ. ಕೊಂಡಿಗೆ ಕ್ರಿಯಾವರ್ಧಕವಾಗಿದ್ದ ಆ ಲವಣವನ್ನು ತಟಸ್ಥ ಮಾಡಿದೆ. ಮಿಥೈಲಾಲ್ ಕೈಗಳು ಹತ್ತಿರ ಬಂದರೂ ಹಿಡಿದುಕೊಳ್ಳಲಿಲ್ಲ. ನೀರು ಮಾತ್ರ ಎಂದಿನಂತೆ ಹೊರಟುಹೋಯಿತು, ಪೊರೆ ಎಂದಿನಂತೆ ಒಣಗಿತು, ಕ್ಲ್ಯಾಂಪ್ ಬಿಚ್ಚಿದಾಗ ಹಲಗೆ ಎಂದಿನಂತೆ ಗಟ್ಟಿಯಾಗಿತ್ತು. ಕಣ್ಣಿಗಾಗಲಿ ಕೈಗಾಗಲಿ ವ್ಯತ್ಯಾಸ ತಿಳಿಯುವ ದಾರಿಯೇ ಇರಲಿಲ್ಲ.

ಊಹೆಯನ್ನು ಪರೀಕ್ಷಿಸದೆ ವರದಿ ಕೊಡಲು ಮನಸ್ಸಾಗಲಿಲ್ಲ. ಒಂದೇ ಓಕ್ ಪಟ್ಟಿಯಿಂದ ಮೂರು ಜೋಡಿ ತುಂಡು ಕೊಯ್ದೆವು. ಒಂದು ಜೋಡಿಯನ್ನು ಸೋಡಾ ನೀರಿನಿಂದ, ಇನ್ನೊಂದನ್ನು ಬರೀ ನೀರಿನಿಂದ ಒರೆಸಿ ಒಣಗಿಸಿದೆವು, ಮೂರನೆಯದನ್ನು ಮುಟ್ಟಲಿಲ್ಲ. ಬರೀ ನೀರಿನ ಜೋಡಿ ಬೇಕೇ ಬೇಕು, ಇಲ್ಲದಿದ್ದರೆ ಒದ್ದೆ ಮಾಡಿದ್ದಕ್ಕೇ ನಾರು ಎದ್ದು ಸಂದು ಕೆಟ್ಟಿತು ಎಂಬ ಅನುಮಾನ ಉಳಿಯುತ್ತದೆ. ಅದೇ ಡ್ರಮ್ಮಿನ ಅಂಟು ಹಚ್ಚಿ, ಬೆಚ್ಚಗಿನ ಕೋಣೆಯಲ್ಲಿ 7 ದಿನ ಇಟ್ಟು, 4 ದಿನ ನೀರಿನಲ್ಲಿ ಮುಳುಗಿಸಿ, ಒದ್ದೆಯಲ್ಲೇ ಉಳಿ ಇಟ್ಟೆವು. ಬರೀ ನೀರಿನ ಜೋಡಿಯೂ ಮುಟ್ಟದ ಜೋಡಿಯೂ ಜಗ್ಗಾಡಿ, ಕೊನೆಗೆ ಅಲ್ಲಲ್ಲಿ ಮರದ ನಾರು ಕಿತ್ತುಕೊಂಡೇ ಬಿಟ್ಟವು. ಸೋಡಾದ ಜೋಡಿಗೆ ಸುತ್ತಿಗೆ ಬೇಕಾಗಲಿಲ್ಲ. ಹಿರಿಯ ಬಡಗಿ ಅದನ್ನು ಕೈಯಲ್ಲೇ ತಿರುಚಿ ಎರಡು ಮಾಡಿದರು, ಒಳಮೈಯ ಬಿಳಿ ಪೊರೆಯನ್ನು ಹೆಬ್ಬೆರಳಿನಿಂದ ಒರೆಸಿ, ಬಹಳ ಹೊತ್ತು ನೋಡುತ್ತ ನಿಂತರು.

ಕೊಂಡಿ ಹಾಕಿಕೊಳ್ಳುವ ಎಲ್ಲ ಅಂಟುಗಳೂ ಹೀಗೆ ಹುಳಿಯನ್ನೇ ನಂಬಿಲ್ಲ. ಅಕ್ರಿಲಿಕ್ ಎಮಲ್ಷನ್‌ಗಳಲ್ಲಿ, ಅಂದರೆ ನೀರಿನಲ್ಲಿ ತೇಲುವ ಅಕ್ರಿಲಿಕ್ ಕಣಗಳ ಅಂಟುಗಳಲ್ಲಿ, ಡೈಅಸಿಟೋನ್ ಅಕ್ರಿಲಮೈಡಿನ ಕೀಟೋನ್ ಗುಂಪನ್ನು ಅಡಿಪಿಕ್ ಡೈಹೈಡ್ರಜೈಡ್ ಹಿಡಿಯುತ್ತದೆ; ಅಲ್ಲಿ ನೀರಿನ ಜೊತೆ ಅಮೋನಿಯಾವೂ ಆವಿಯಾಗಿ ಕ್ಷಾರ ಇಳಿದಾಗ ಬೀಗ ತೆರೆಯುತ್ತದೆ. ದ್ರಾವಕದ ಅಕ್ರಿಲಿಕ್ ಅಂಟುಪಟ್ಟಿಗಳಲ್ಲಿ ಅಲ್ಯೂಮಿನಿಯಂ ಅಸಿಟೈಲ್‌ಅಸಿಟೋನೇಟ್ ಆ ಕೆಲಸ ಮಾಡುತ್ತದೆ, ಅಸಿಟೈಲ್‌ಅಸಿಟೋನ್ ಹಾರಿಹೋಗುವವರೆಗೂ ಲೋಹ ಸುಮ್ಮನಿರುತ್ತದೆ. ಒಂದೇ ಡಬ್ಬಿಯ ಪಾಲಿಯುರೆಥೇನ್ ಇವಕ್ಕೆಲ್ಲ ವಿರುದ್ಧ: ಅದಕ್ಕೆ ಗಾಳಿಯ ಮತ್ತು ಮರದ ತೇವವೇ ಬೇಕು, ಗಟ್ಟಿಯಾಗುವಾಗ ಇಂಗಾಲದ ಡೈಆಕ್ಸೈಡ್ ಬಿಟ್ಟು ನೊರೆಯುತ್ತದೆ. ಪ್ರತಿಯೊಂದಕ್ಕೂ ಡಬ್ಬಿಯಲ್ಲಿ ಮಲಗಿಸಿಡುವ ಒಂದು ಬೀಗವಿದೆ, ಸಂದಿನಲ್ಲಿ ಅದನ್ನು ತೆಗೆಯುವ ಒಂದು ಕೀಲಿಯಿದೆ. ಯಾವ ಅಂಟಿನ ಕೀಲಿ ಯಾವುದು ಎಂಬುದು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ‘ಕ್ಷಾರ ತಾಗಿದ ಮರಕ್ಕೆ ಹಚ್ಚಬೇಡಿ’ ಎಂಬ ಒಂದು ಸಾಲು ಆ ಡ್ರಮ್ಮಿನ ಮೇಲಿದ್ದಿದ್ದರೆ ಹಿರಿಯರ ಎರಡು ದಿನದ ಜಾಗ್ರತೆ ವ್ಯರ್ಥವಾಗುತ್ತಿರಲಿಲ್ಲ.

ದುರಸ್ತಿಯಲ್ಲಿ ಒಂದೇ ಎಚ್ಚರ ಮುಖ್ಯವಾಗಿತ್ತು. ಹಳೆಯ ಪೊರೆಯ ಮೇಲೆ ಹೊಸ ಅಂಟು ಹಚ್ಚಿ ಒತ್ತುವಂತಿಲ್ಲ. ಹೊಸದು ಮರದ ನಾರಿಗೆ ಇಳಿಯಬೇಕು, ಸೋಡಾ ಇಳಿದ ಪದರವೂ ಹೋಗಬೇಕು. ಏಳೂ ಹಲಗೆಗಳನ್ನು ತರಿಸಿ, ಸಂದಿನಲ್ಲೇ ಕೊಯ್ದು, ಪಿಎಚ್ ಕಾಗದ ಮತ್ತೆ ಆಮ್ಲೀಯ ತೋರಿಸುವವರೆಗೆ ಅಂಚುಗಳಿಗೆ ಉಜ್ಜುಗೊರಡು ಹೊಡೆದರು. ಬಹುಪಾಲು ಕಡೆ ಒಂದು ಮಿಲಿಮೀಟರ್ ಸಾಕಾಯಿತು. ಪ್ರತಿ ಹಲಗೆಯ ಅಗಲ ಕಡಿಮೆಯಾದ್ದರಿಂದ ಅಂಚಿಗೆ ಒಂದೊಂದು ಹೊಸ ಪಟ್ಟಿ ಸೇರಿಸಬೇಕಾಯಿತು. ಒಂದು ಹಲಗೆಯಲ್ಲಿ ಸಿಂಕಿನ ಕಿಂಡಿಯ ಪಕ್ಕದ ಪಟ್ಟಿ ತೀರಾ ಕಿರಿದಾಗಿ ನಿಲ್ಲದೆ ಹೋಯಿತು, ಅದನ್ನು ಪೂರ್ತಿ ಹೊಸದಾಗಿ ಮಾಡಿದರು.

ಕಲೆಯ ಸಮಸ್ಯೆ ಹಾಗೇ ಉಳಿದಿತ್ತಲ್ಲ. ಅದಕ್ಕೆ ಬೇಕಾದದ್ದು ಕಬ್ಬಿಣವನ್ನು ದೂರವಿಡುವುದು, ಹುಳಿಯನ್ನಲ್ಲ. ಕ್ಲ್ಯಾಂಪಿಗೂ ಮರಕ್ಕೂ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟರು. ಮೊದಲ ಹಲಗೆಗಳ ಹಳೆಯ ಕಲೆಗಳನ್ನು, ಅಂಟು ಪೂರ್ತಿ ಬೆಸೆದ ಮೇಲೆ, ಕೈಗವಸು ಹಾಕಿಕೊಂಡು ಆಕ್ಸಾಲಿಕ್ ಆಮ್ಲದ ನೀರಿನಿಂದ ಒರೆಸಿ ತೊಳೆದರು. ಅದು ಕಬ್ಬಿಣವನ್ನು ಕಟ್ಟಿಕೊಂಡು ಹೋಗುತ್ತದೆ. ಅಂಟಿಸಿದ ಹಲಗೆಗಳನ್ನು ಬಿಸಿಯಿರುವ ಕೋಣೆಯಲ್ಲಿ 7 ದಿನ ನಿಲ್ಲಿಸಿದ ಮೇಲೆಯೇ ಹೊರಗೆ ಕಳಿಸಿದರು. ಪ್ರತಿ ಹಲಗೆಯ ತುದಿಯಿಂದ ಕೊಯ್ದ ಒಂದು ಚೂರಿನ ಸಂದನ್ನು ಸೀಳಿ, ಒಳಗಿನ ಪೊರೆಯನ್ನು ಹಿರಿಯ ಬಡಗಿಯೇ ಕೆರೆದು ಅಸಿಟೋನಿಗೆ ಹಾಕಿದರು. ಹೊರಗಿನ ಮಣಿಯನ್ನು ಅವರು ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಏಳು ಸೀಸೆಗಳಲ್ಲಿಯೂ ಪೊರೆ ಊದಿಕೊಂಡು, ಕರಗದೆ ಉಳಿದಿತ್ತು.